ಮೆಣಸಿನಪುಡಿ ಡಬ್ಬಿಯ ಮಣ್ಣು

ಪುಯೆಬ್ಲಾ, ಮೆಕ್ಸಿಕೊ
14 ಸೆಪ್ಟೆಂಬರ್ 1952

ಪ್ರೀತಿಯ ತಂಗಿ ಕಸಿಲ್ದಾ,

ಇದು ಮೂರನೆಯ ಸಲ ಕೇಳುತ್ತಿದ್ದೇನೆ. ನಾನು ಕೇಳುತ್ತಿರುವುದು ಹೊಲವಲ್ಲ, ಮನೆಯಲ್ಲಿ ಪಾಲಲ್ಲ. ಒಂದು ಬೊಗಸೆ ಮಣ್ಣು. ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುವ ಕೆಂಗುಡ್ಡದ ಮಣ್ಣು. ಹಿತ್ತಲ ಬಾಗಿಲು ದಾಟಿ ಇನ್ನೂರು ಹೆಜ್ಜೆ ನಡೆದರೆ ಸಿಗುತ್ತದೆ. ಅಷ್ಟಕ್ಕೆ ನಿನಗೆ ಒಂದು ವರ್ಷ ಸಾಲದೇ ಹೋಯಿತೇ?

ಬರುವ ವರ್ಷ ಅಕ್ಟೋಬರಿನಲ್ಲಿ ಇಲ್ಲಿನ ಒಂದು ಚಿತ್ರಶಾಲೆಯಲ್ಲಿ ನನ್ನ ಪ್ರದರ್ಶನ. ಯುದ್ಧದಲ್ಲಿ ಸೋತು ಊರು ಬಿಟ್ಟು ಬಂದ ಹದಿಮೂರು ವರ್ಷಗಳಲ್ಲಿ ಇದೇ ಮೊದಲನೆಯದು. ನಡುಗೋಡೆಗೆ ಒಂದೇ ಒಂದು ದೊಡ್ಡ ಚಿತ್ರ ಇರಬೇಕು, ಆಳೆತ್ತರದ್ದು. ವಾಲ್ದೆಮೋರದ ಕೆಂಗುಡ್ಡ. ಕ್ಯಾನ್ವಾಸು ಸಿದ್ಧವಿದೆ, ಗುಡ್ಡದ ಗೆರೆಯೂ ಬಿದ್ದಿದೆ. ಬಣ್ಣ ಮಾತ್ರ ಬರುತ್ತಿಲ್ಲ. ಅಂಗಡಿಯಲ್ಲಿ ಸಿಗುವ ಕೆಂಪುಗಳನ್ನೆಲ್ಲ ಬೆರೆಸಿ ನೋಡಿದೆ. ಒಂದು ದಿನ ಇಟ್ಟಿಗೆ ಗೂಡಿನ ಹಾಗೆ ಕಾಣುತ್ತದೆ, ಇನ್ನೊಂದು ದಿನ ಕಸಾಯಿ ಅಂಗಡಿಯ ಹಾಗೆ. ಮನೆಯೊಡತಿ ದೊನ್ಯಾ ಚೋಲೆ ಬಾಗಿಲಲ್ಲಿ ನಿಂತು ನೋಡಿ, "ಯಜಮಾನ್ರೇ, ಇದು ಇಲ್ಲೇ ಓಹಾಕ ಕಡೇದಲ್ವಾ? ನಮ್ಮತ್ತೆ ಊರು ಥೇಟ್ ಹಿಂಗೇ ಇದೆ" ಅಂದಳು. ಕುಂಚ ಎಸೆದು ಹೊರಗೆ ಹೋದೆ.

ಇಲ್ಲಿಯವರಿಗೆಲ್ಲ ಬೇಕಾದದ್ದು ಅಗ್ನಿಪರ್ವತ. ಚಿತ್ರಶಾಲೆಯ ಒಡತಿ ದೊನ್ಯಾ ಎಲ್ವಿರಾ ಸಿಕ್ಕಾಗಲೆಲ್ಲ, "ದೊನ್ ತೆಲ್ಮೊ, ಹಿಮ ಹೊದ್ದಿರೋದು ಒಂದು ಬರ್ಕೊಡಿ, ಸಂಜೆಯೊಳಗೆ ಯಾರಾದ್ರೂ ಒಯ್ತಾರೆ" ಅನ್ನುತ್ತಾಳೆ. ನಾನು ಒಂದನ್ನೂ ಬರೆದಿಲ್ಲ, ಬರೆಯುವುದೂ ಇಲ್ಲ. ನನ್ನ ಬೆಟ್ಟ ಬೇರೆ ಇದೆ.

ಆ ಮಣ್ಣನ್ನೇ ಅರೆದು ಅಗಸೆ ಎಣ್ಣೆಯಲ್ಲಿ ಕಲಸಿದರೆ ಆ ಗುಡ್ಡದ ಕೆಂಪು ಬರುತ್ತದೆ. ಬೇರೆ ದಾರಿಯಿಲ್ಲ. ಕಳಿಸು.

ನಿನ್ನ ಅಣ್ಣ,
ತೆಲ್ಮೊ


ವಾಲ್ದೆಮೋರ, ಸ್ಪೇನ್
26 ಅಕ್ಟೋಬರ್ 1952

ಅಣ್ಣಾ,

ನಿನ್ನ ಕಾಗದ ಬಂತು. ಎಂದಿನಂತೆ ಅಂಚೆ ಕಚೇರಿಯಲ್ಲೇ ಒಡೆದು ಓದಿ ಮತ್ತೆ ಅಂಟಿಸಿದ್ದರು. ಮೊದಲು ಓದುವ ಭಾಗ್ಯ ನನಗೆ ಈ ಸಲವೂ ಇರಲಿಲ್ಲ.

ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಗಂಡ ಉರ್ಬಾನೊನ ಬೆನ್ನುನೋವು ಹಾಗೇ ಇದೆ. ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿವೆ. ಹಂದಿ ಈ ವರ್ಷ ಚೆನ್ನಾಗಿ ಮೈ ತುಂಬಿದೆ, ಮುಂದಿನ ತಿಂಗಳು ಕಡಿಯುತ್ತೇವೆ. ಅಮ್ಮನಿಗೆ ಎಪ್ಪತ್ತೊಂಬತ್ತು ತುಂಬಿತು. ಕಿವಿ ಮಂದ, ಕಣ್ಣು ಚುರುಕು. ನಿನ್ನ ಕಾಗದ ಓದಿ ಹೇಳಿದೆ. ಮಣ್ಣಿನ ಸಾಲು ಬಂದಾಗ "ಏನಂದೆ?" ಎಂದು ಕೇಳಿದಳು. ನಾನು ಮುಂದಿನ ಸಾಲಿಗೆ ಹೋದೆ.

ಮಣ್ಣು ಯಾಕಣ್ಣ? ಅಷ್ಟು ದೊಡ್ಡ ದೇಶದಲ್ಲಿ ಕೆಂಪು ಮಣ್ಣಿಲ್ಲವೇ? ಗುಡ್ಡ ಇದ್ದಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ. ನಿನ್ನ ನೆನಪಲ್ಲಿ ಹೇಗಿದೆಯೋ ಹಾಗೇ ಬರೆ. ಅದೇ ಒಳ್ಳೆಯದು.

ಚಳಿ ಶುರುವಾಗಿದೆ. ಅಲ್ಲಿ ಉಣ್ಣೆ ಕಾಲುಚೀಲ ಸಿಗುತ್ತದೆಯೇ ಎಂದು ಅಮ್ಮ ಕೇಳುತ್ತಿದ್ದಾಳೆ.

ಕಸಿಲ್ದಾ


ಪುಯೆಬ್ಲಾ
3 ಡಿಸೆಂಬರ್ 1952

ಕಸಿಲ್ದಾ,

ಕಾಲುಚೀಲ ಸಿಗುತ್ತದೆ. ಮಣ್ಣು ಸಿಗುವುದಿಲ್ಲ.

"ನೆನಪಲ್ಲಿ ಹೇಗಿದೆಯೋ ಹಾಗೇ ಬರೆ." ಎಷ್ಟು ಸುಲಭವಾಗಿ ಬರೆದುಬಿಟ್ಟೆ! ನೀನು ಅಪ್ಪನ ಮಗಳೇ ಸರಿ. ಅವನೂ ನನ್ನ ಕೈಯಲ್ಲಿ ಕುಂಚ ಕಂಡರೆ, "ಗೋಡೆಗೆ ಸುಣ್ಣ ಹೊಡಿಯೋ, ಅದಾದ್ರೂ ಕೆಲಸಕ್ಕೆ ಬರುತ್ತೆ" ಅನ್ನುತ್ತಿದ್ದ. ಅವನಿಗೆ ನನ್ನ ಕೆಲಸ ಒಂದು ಹುಚ್ಚು. ನಿನಗೂ ಅಷ್ಟೇ. ಹುಚ್ಚನ ಮಾತಿಗೆ ಯಾಕೆ ಗುಡ್ಡ ಹತ್ತಬೇಕು ಎಂದು ನೀನು ಬೆಂಕಿ ಕಾಯಿಸಿಕೊಂಡು ಕೂತಿದ್ದೀಯ.

ಮಳೆ ನಿಂತ ಮೇಲೆ ಆ ಗುಡ್ಡ ಹೇಗಿರುತ್ತಿತ್ತು, ನೆನಪಿದೆಯಾ? ಒಂದು ಮರ ಇಲ್ಲ, ಒಂದು ಪೊದೆ ಇಲ್ಲ. ತುದಿಯಿಂದ ಬುಡದವರೆಗೆ ಬರೀ ಕೆಂಪು. ಸಂಜೆ ಕುರಿಗಳು ಇಳಿದು ಬಂದರೆ ಅವುಗಳ ಹೊಟ್ಟೆಯ ಕೆಳಗಿನ ಉಣ್ಣೆಯೂ ಕೆಂಪಾಗಿರುತ್ತಿತ್ತು. ಕಣ್ಣು ಮುಚ್ಚಿದರೆ ನನಗದು ಕಾಣುತ್ತದೆ, ತೆರೆದು ಕ್ಯಾನ್ವಾಸು ನೋಡಿದರೆ ಅಲ್ಲಿ ಬೇರೇನೋ ಇರುತ್ತದೆ. ನನ್ನ ಪ್ರಾಣ ಹಿಂಡುತ್ತಿರುವುದು ಇದು.

ನಾನೇ ಬಂದು ಅಗೆದುಕೊಳ್ಳಲಾರೆ. ಯಾಕೆಂದು ನಿನಗೂ ಗೊತ್ತು, ಈ ಕಾಗದವನ್ನು ನಿನಗಿಂತ ಮೊದಲು ಓದುವ ಮಹಾಶಯರಿಗೂ ಗೊತ್ತು.

ಮಣ್ಣಿನ ಸಾಲನ್ನು ಅಮ್ಮನಿಗೆ ಗಟ್ಟಿಯಾಗಿ ಓದು.

ತೆಲ್ಮೊ


ವಾಲ್ದೆಮೋರ
20 ಜನವರಿ 1953

ಅಣ್ಣಾ,

ಓದಿದೆ. ಬೀದಿಗೆಲ್ಲ ಕೇಳುವ ಹಾಗೆ ಓದಿದೆ. ಅದರಿಂದ ಏನಾಯಿತು ಎಂದು ಬರೆಯುವುದಿಲ್ಲ. ಮಣ್ಣು ಹೊರಟಿದೆ.

ಎಂಟು ದಿನದ ಹಿಂದೆಯೇ ಅಂಚೆಗೆ ಹಾಕಿದೆ, ಈ ಕಾಗದ ಒಡೆದು ಓದುವವರ ಕೈಗೆ ಇನ್ನು ಅದು ಸಿಗುವುದಿಲ್ಲ. ಅಮ್ಮನಿಗೆ ಜ್ವರ ಇದ್ದದ್ದರಿಂದ ಕಾಗದ ಬರೆಯಲು ಇವತ್ತಾಯಿತು. ಡಬ್ಬಿ ಬಿಚ್ಚಿದಾಗ ಗಾಬರಿಯಾಗಬೇಡ. ಹಂದಿ ಕಡಿದಾಗ ಖಾಲಿಯಾದ ಮೆಣಸಿನಪುಡಿಯ ಡಬ್ಬಿ ಅದು. ಪೊಟ್ಟಣದ ಮೇಲೂ ಮೆಣಸಿನಪುಡಿ ಎಂದೇ ಬರೆದಿದ್ದೇನೆ. ಮಣ್ಣು ಎಂದು ಬರೆದಿದ್ದರೆ ಯಾವ ಮಣ್ಣು, ಯಾರಿಗೆ, ಯಾಕೆ ಎಂದು ಹತ್ತು ಪ್ರಶ್ನೆ ಬರುತ್ತಿತ್ತು. ಪರದೇಶದಲ್ಲಿರುವ ಅಣ್ಣನಿಗೆ ಮೆಣಸಿನಪುಡಿ ಕಳಿಸದ ತಂಗಿ ನಮ್ಮ ದೇಶದಲ್ಲಿ ಯಾರಿದ್ದಾರೆ? ಅಂಚೆಯವನು ಮೂಸಿಯೂ ನೋಡಲಿಲ್ಲ.

ಅಮ್ಮನ ಹಿಟ್ಟಿನ ಜರಡಿಯಲ್ಲಿ ಮೂರು ಸಲ ಜರಡಿ ಹಿಡಿದದ್ದು. ಹುಷಾರಾಗಿ ಬಳಸು. ಇಂಥದ್ದು ಇನ್ನೊಂದು ಸಲ ಸಿಗುವುದಿಲ್ಲ.

ಕಸಿಲ್ದಾ


ಪುಯೆಬ್ಲಾ
9 ಏಪ್ರಿಲ್ 1953

ಕಸಿಲ್ದಾ,

ನಗಬೇಡ. ನಕ್ಕರೆ ನನಗೆ ತಿಳಿಸಬೇಡ.

ನಿನ್ನ ಡಬ್ಬಿ ಬಂದಾಗ ನಾನಿರಲಿಲ್ಲ. ಮೂರು ವಾರ ಕೆಲಸದ ಮೇಲೆ ಹಳ್ಳಿ ಕಡೆ ಹೋಗಿದ್ದೆ. ಪೊಟ್ಟಣವನ್ನು ದೊನ್ಯಾ ಚೋಲೆ ಇಸಿದುಕೊಂಡು ಅಡುಗೆಮನೆಯಲ್ಲಿ ಇಟ್ಟಿದ್ದಾಳೆ. ಅದು ನನ್ನ ಪಕ್ಕದ ಕೋಣೆಯ ದೊನ್ ಬಾಲ್ಬಿನೊ ಅವರ ಕಣ್ಣಿಗೆ ಬಿದ್ದಿದೆ. ಇವರೂ ನನ್ನ ಹಾಗೆ ಊರು ಬಿಟ್ಟು ಬಂದವರು, ಅಲ್ಲಿ ಶಾಲೆಯ ಮೇಷ್ಟ್ರಾಗಿದ್ದವರು. ಅವರ ಊರು ಎಲ್ಲಿಯದು ಗೊತ್ತಾ? ಆ ಮೆಣಸಿನಪುಡಿ ಮಾಡುವ ಸೀಮೆಯದೇ! ಡಬ್ಬಿಯ ಮೇಲಿನ ಚಿತ್ರ ಕಂಡು ಮನುಷ್ಯ ನಿಂತಲ್ಲೇ ಅತ್ತರಂತೆ.

ನಾನು ಬಂದ ದಿನ ಬಾಗಿಲು ತೆಗೆದರೆ ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ. ಹಗ್ಗದ ತುಂಬ ಕೆಂಪು ಚೊರಿಸೊ. ನಮ್ಮ ಮನೆಯಲ್ಲಿ ಹಂದಿ ಕಡಿದ ವಾರ ತೂಗುತ್ತಿದ್ದವಲ್ಲ, ಹಾಗೇ ಸಾಲಾಗಿ. ದೊನ್ ಬಾಲ್ಬಿನೊ ತೋಳು ಮಡಚಿಕೊಂಡು ನಿಂತಿದ್ದರು.

"ಬನ್ನಿ ಬನ್ನಿ, ದೊನ್ ತೆಲ್ಮೊ! ನಿಮ್ಮನ್ನ ಕೇಳ್ದೇನೇ ಡಬ್ಬಿ ಒಡೆದ್ಬಿಟ್ಟೆ, ಬೈಬೇಡಿ. ಮಾಂಸ ತಂದು, ಕೊಚ್ಚಿ, ಬೆಳ್ಳುಳ್ಳಿ ಅರೆದು, ಆ ಪುಡಿ ಪೂರ್ತಿ ಕಲಸಿ, ಕರುಳಲ್ಲಿ ತುಂಬಿ... ಎಲ್ಲಾ ಈ ಕೈಯಾರೆ! ಹದಿಮೂರು ವರ್ಷ ಆಗಿತ್ತು ಕಣ್ರೀ!"

ನನಗೆ ಸಂತೋಷವೇ ಆಯಿತು, ಕಸಿಲ್ದಾ. ತಂಗಿ ಮಣ್ಣು ಕಳಿಸದಿದ್ದರೆ ಬಿಡಲಿ, ಮೆಣಸಿನಪುಡಿಯನ್ನಾದರೂ ಕಳಿಸಿದಳಲ್ಲ ಎಂದುಕೊಂಡೆ. ಒಂದನ್ನು ಹುರಿದು ತಿಂದೆವು. ಹಲ್ಲಿಗೆ ಕರಕರ ಎಂದಿತು.

"ಅದು ಕಲ್ಲುಪ್ಪು," ಅಂದರು ದೊನ್ ಬಾಲ್ಬಿನೊ.

ದೊನ್ಯಾ ಚೋಲೆ ಒಂದು ತುಂಡು ಬಾಯಿಗಿಟ್ಟು ಮುಖ ಕಿವುಚಿದಳು. "ಅಯ್ಯ, ಖಾರಾನೇ ಇಲ್ವಲ್ಲ! ಇದಕ್ಕಾ ನೀವಿಬ್ರೂ ಇಷ್ಟು ವರ್ಷ ಅಳ್ತಿದ್ದಿದ್ದು?"

"ಖಾರ ಅಲ್ಲಮ್ಮ ಮುಖ್ಯ. ಪರಿಮಳ! ಊರಿನ ಪರಿಮಳ. ನಿಮಗೆಲ್ಲಿ ಗೊತ್ತಾಗ್ಬೇಕು?"

ಮೂರು ದಿನ ತಿಂದೆವು. ನಾಲ್ಕನೆಯ ದಿನ ನಿನ್ನ ಕಾಗದ ಬಂತು.

ಓಡಿಹೋಗಿ ಡಬ್ಬಿ ಹುಡುಕಿದೆ. ದೊನ್ ಬಾಲ್ಬಿನೊ ಅದನ್ನು ತೊಳೆದು, ಒರೆಸಿ, ಪೆನ್ನು ಇಟ್ಟುಕೊಂಡಿದ್ದರು. ಒಳಗೆ ಚಿಟಿಕೆ ಮಣ್ಣಿಲ್ಲ. ಕಾಗದ ತೋರಿಸಿದೆ. "ಸುಳ್ಳು!" ಅಂದರು. "ನಮ್ಮೂರ ಮೆಣಸಿನಪುಡಿ ನನಗೆ ಗೊತ್ತಾಗಲ್ವೇನ್ರೀ?" ಅಂದವರು ಬಾಗಿಲು ಹಾಕಿಕೊಂಡರು. ಅಂದಿನಿಂದ ಮಾತಿಲ್ಲ. ಉಳಿದ ಚೊರಿಸೊಗಳನ್ನು ಇಳಿಸಿ ಬಿಸಾಡಲೂ ಬಿಡುತ್ತಿಲ್ಲ. ಅವು ಅಲ್ಲೇ ಒಣಗುತ್ತ ತೂಗುತ್ತಿವೆ. ನಾನು ದಿನಕ್ಕೆ ಮೂರು ಸಲ ಅವುಗಳ ಕೆಳಗೆ ತಲೆ ತಗ್ಗಿಸಿ ಹೋಗಬೇಕು.

ಇನ್ನೊಂದು ಡಬ್ಬಿ ಕಳಿಸು, ಕೈ ಮುಗಿಯುತ್ತೇನೆ. ಈ ಸಲ ಬೂಟ್ ಪಾಲಿಶ್ ಡಬ್ಬಿಯಲ್ಲಿ ಕಳಿಸು. ಅದನ್ನು ಯಾರೂ ತಿನ್ನುವುದಿಲ್ಲ.

ತೆಲ್ಮೊ


ವಾಲ್ದೆಮೋರ
17 ಮೇ 1953

ಅಣ್ಣಾ,

ಉರ್ಬಾನೊ ನಕ್ಕ. ನಾನು ನಗಲಿಲ್ಲ.

ಅಮ್ಮನಿಗೆ ನಿನ್ನ ಕಾಗದ ಓದಲಿಲ್ಲ. "ಮಣ್ಣು ಬಂತಂತೆ, ತುಂಬ ಚೆನ್ನಾಗಿದೆಯಂತೆ, ಬರೆಯಲು ಶುರು ಮಾಡಿದ್ದಾನಂತೆ" ಅಂದೆ. ಆ ದಿನ ಅವಳು ಎರಡು ಸಲ ಸೂಪು ಹಾಕಿಸಿಕೊಂಡಳು.

ಇನ್ನೊಂದು ಡಬ್ಬಿ ಕಳಿಸಿದ್ದೇನೆ. ಮತ್ತೆ ಕೇಳಬೇಡ.

ಕಸಿಲ್ದಾ


ಪುಯೆಬ್ಲಾ
30 ಜುಲೈ 1953

ಕಸಿಲ್ದಾ,

ಬಂತು. ಇದು ಕೆಂಗುಡ್ಡದ ಮಣ್ಣಲ್ಲ.

ಯಾರಿಗೆ ಮೋಸ ಮಾಡುತ್ತಿದ್ದೀಯ? ಕಂದು ಬಣ್ಣ, ಕೈಗೆ ಜಿಡ್ಡು, ತುಂಬ ಸೂಜಿಯಂಥ ಕಸ. ಕಲ್ಲಿನ ಮೇಲೆ ಅರೆದರೆ ರಾಳದ ವಾಸನೆ ಬರುತ್ತದೆ. ಒಂದು ಗಿಡವೂ ಇಲ್ಲದ ಗುಡ್ಡದ ಮಣ್ಣಿಗೆ ರಾಳದ ವಾಸನೆ ಎಲ್ಲಿಂದ ಬಂತು? ಹಂದಿಗೂಡಿನ ಹಿಂದೆ ಬಾಚಿದೆಯಾ? ಸೌದೆ ರಾಶಿಯ ಕೆಳಗೆ ಗುಡಿಸಿದೆಯಾ?

ಕಣ್ಣಿದ್ದವನಿಗೆ ಗೊತ್ತಾಗುವುದಿಲ್ಲವೆಂದುಕೊಂಡೆಯಾ? ನಾನು ಆ ಮಣ್ಣಲ್ಲಿ ಉರುಳಿ ಬೆಳೆದವನು. ಮೊದಲನೆಯದನ್ನು ಆ ಹಾಳು ಮೇಷ್ಟ್ರು ತಿಂದರು, ಅದು ನನ್ನ ಗ್ರಹಚಾರ. ಇದು ಗ್ರಹಚಾರವಲ್ಲ, ನಿನ್ನ ಸೋಮಾರಿತನ. ಒಡಹುಟ್ಟಿದವನಿಗೋಸ್ಕರ ಇನ್ನೂರು ಹೆಜ್ಜೆ ನಡೆಯಲಾರದವಳು ನೀನು. ಅಮ್ಮನಿಗೆ ಹೇಳಿದ್ದರೆ ಈ ವಯಸ್ಸಿನಲ್ಲೂ ಹೋಗಿ ತರುತ್ತಿದ್ದಳು.

ಬಂದ ಮಣ್ಣನ್ನು ದೊನ್ಯಾ ಚೋಲೆಯ ಹೂಕುಂಡಕ್ಕೆ ಸುರಿದೆ.

ತೆಲ್ಮೊ


ಪುಯೆಬ್ಲಾ
2 ಸೆಪ್ಟೆಂಬರ್ 1953

ಕಸಿಲ್ದಾ,

ಕೋಪದಲ್ಲಿ ಏನೇನೋ ಬರೆದೆ. ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ಪ್ರದರ್ಶನ. ನಡುಗೋಡೆ ಖಾಲಿ ಇದೆ. ಬೈದಾದರೂ ಒಂದು ಕಾಗದ ಹಾಕು.

ತೆಲ್ಮೊ


ವಾಲ್ದೆಮೋರ
8 ಸೆಪ್ಟೆಂಬರ್ 1953

ಅಣ್ಣಾ,

ನಿನ್ನ ಜುಲೈ ಕಾಗದವನ್ನು ಹರಿದು ಒಲೆಗೆ ಹಾಕಿದೆ. ಆಮೇಲೂ ಅದರ ಒಂದೊಂದು ಸಾಲು ತಲೆಯಲ್ಲಿ ಕೂತಿದೆ. ಸಾಕು, ಇನ್ನು ಮುಚ್ಚಿಡುವುದಿಲ್ಲ.

ನಿನ್ನ ಕೆಂಗುಡ್ಡ ಈಗ ಕೆಂಪಗಿಲ್ಲ. ಹಸಿರಾಗಿದೆ. ನೀನು ಹೋದ ಮೂರನೆಯ ಚಳಿಗಾಲ ಸರ್ಕಾರದವರು ಬಂದು ತುದಿಯಿಂದ ಬುಡದವರೆಗೆ ಪೈನ್ ಮರ ನೆಡಿಸಿದರು. ಕುರಿಗಳನ್ನು ಹತ್ತಿಸುವ ಹಾಗಿಲ್ಲ ಎಂದರು, ಎಲ್ಲರೂ ಕುರಿ ಮಾರಿದರು. ನೆಟ್ಟವರು ಯಾರು ಗೊತ್ತಾ? ನಾವೇ. ಉರ್ಬಾನೊ ಗುಂಡಿ ತೋಡಿದ, ನಾನು ಸಸಿ ಇಟ್ಟು ಕಾಲಲ್ಲಿ ಮಣ್ಣು ತುಳಿದೆ. ಆ ವರ್ಷ ಮನೆಯಲ್ಲಿ ರೊಟ್ಟಿ ಇದ್ದದ್ದು ಅದರಿಂದ. ಈಗ ಅವು ನನಗಿಂತ ಎತ್ತರ ಬೆಳೆದಿವೆ. ನೀನು ಪ್ರತಿ ಕಾಗದದಲ್ಲೂ "ಒಂದು ಮರ ಇಲ್ಲ, ಒಂದು ಪೊದೆ ಇಲ್ಲ" ಎಂದು ಬರೆಯುವಾಗ ನಾನು ಏನಂತ ಉತ್ತರ ಕೊಡಲಿ? ನಿನ್ನ ಗುಡ್ಡವನ್ನು ಕೊಂದವಳು ನಾನೇ ಎನ್ನಲೇ?

ಅಮ್ಮನಿಗೆ ಹೇಳಿದ್ದರೆ ಹೋಗಿ ತರುತ್ತಿದ್ದಳು ಎಂದು ಬರೆದೆಯಲ್ಲ. ಅವಳೇ ತಂದದ್ದು. ನಿನ್ನ ಮೊದಲ ಡಬ್ಬಿ.

ಈಗ ಅಲ್ಲಿ ಅಗೆಯುವ ಹಾಗಿಲ್ಲ. ಗಾರ್ಡು ಫೆರ್ಮಿನ್ ಕಾಯುತ್ತಾನೆ. ಅವನು ಮಧ್ಯಾಹ್ನ ಉಂಡು ಮಲಗುವ ಹೊತ್ತು ನೋಡಿಕೊಂಡು ಅಮ್ಮ ಗುದ್ದಲಿ ಹಿಡಿದು ಹೋದಳು. ನನಗೆ ಗೊತ್ತೇ ಇರಲಿಲ್ಲ, ಚರ್ಚಿಗೆ ಅಂತ ಹೇಳಿ ಹೋಗುತ್ತಿದ್ದಳು. ಮೂರು ಮಧ್ಯಾಹ್ನ, ಜನವರಿಯ ಆ ಚಳಿಯಲ್ಲಿ, ಪೈನಿನ ಕಸ ಸರಿಸಿ, ಮೇಲಿನ ಕೊಳೆ ಮಣ್ಣು ತೆಗೆದು, ಮೊಣಕಾಲುದ್ದ ಕೆಳಗೆ ಅಗೆದು ಶುದ್ಧ ಕೆಂಪು ಸಿಕ್ಕ ಮೇಲೆ ಮಡಿಲಲ್ಲಿ ಕಟ್ಟಿಕೊಂಡು ಇಳಿಯುತ್ತಿದ್ದಳು. ಮೂರನೆಯ ದಿನ ಫೆರ್ಮಿನ್ ಹಿಡಿದ.

"ಏನಜ್ಜಿ ಇದು, ಈ ವಯಸ್ಸಲ್ಲಿ?"

"ನನ್ನ ಮಗ ಕೇಳಿದಾನಪ್ಪ."

"ಯಾಕೆ, ನಿನ್ನ ಮಗ ಅಲ್ಲಿ ಮಣ್ಣು ತಿಂತಾನಾ?"

ಗುದ್ದಲಿ ಕಿತ್ತುಕೊಂಡ, ಮಡಿಲಲ್ಲಿದ್ದದ್ದನ್ನು ಬಿಟ್ಟ. ಅವತ್ತು ಹಿಡಿದ ಜ್ವರ ಹದಿನೈದು ದಿನ ಬಿಡಲಿಲ್ಲ. ಆಮೇಲೆ ಅವಳ ಮೊಣಕಾಲು ಏಳಲಿಲ್ಲ. ಈಗ ಹಾಸಿಗೆಯಿಂದ ಅಡುಗೆಮನೆಯ ಕುರ್ಚಿ, ಕುರ್ಚಿಯಿಂದ ಹಾಸಿಗೆ. ಎರಡನೆಯ ಡಬ್ಬಿ ನಾನು ತಂದದ್ದು. ಗುದ್ದಲಿ ಇಲ್ಲದೆ, ಫೆರ್ಮಿನ್ ಎಲ್ಲಿ ಬರುತ್ತಾನೋ ಎಂದು ತಿರುತಿರುಗಿ ನೋಡುತ್ತ, ಮರದ ಬುಡದಲ್ಲಿ ಕೈಯಲ್ಲಿ ಬಾಚಿದೆ. ಹಂದಿಗೂಡಿನ ಹಿಂದೆ ಅಲ್ಲ.

ಅಮ್ಮ ದಿನವೂ ಕಿಟಕಿ ಎದುರು ಕೂತು ಆ ಹಸಿರನ್ನು ನೋಡುತ್ತಾಳೆ. ದಿನವೂ ಕೇಳುತ್ತಾಳೆ, "ತೆಲ್ಮೊ ಬರೆದು ಮುಗಿಸಿದ್ನಾ? ಸಾಯೋದ್ರೊಳಗೆ ಒಂದ್ಸಲ ನಮ್ ಗುಡ್ಡ ನೋಡ್ಬೇಕು ಕಣೇ." ನಾನು "ಇನ್ನೇನು, ಮುಗೀತು" ಅನ್ನುತ್ತೇನೆ. ನನಗೆ ಸುಳ್ಳು ಹೇಳಿ ಸಾಕಾಗಿದೆ ಅಣ್ಣಾ. ಇನ್ನು ನೀನೇ ಏನಾದರೂ ಹೇಳು.

ಕಸಿಲ್ದಾ


ಪುಯೆಬ್ಲಾ
27 ಅಕ್ಟೋಬರ್ 1953

ಕಸಿಲ್ದಾ,

ಕ್ಷಮಿಸು ಎಂದು ನಾಲ್ಕು ಸಲ ಬರೆದು ನಾಲ್ಕು ಸಲವೂ ಹೊಡೆದುಹಾಕಿದೆ. ಆ ಪದ ನಾನು ಬರೆದದ್ದಕ್ಕೆ ಸಾಲುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಕೂತಿದ್ದೆ. ತಲೆಯ ಮೇಲೆ ಆ ಚೊರಿಸೊಗಳು ತೂಗುತ್ತಿದ್ದವು. ಏಳು ಉಳಿದಿದ್ದವು, ಒಣಗಿ ಸೌದೆಯಾಗಿದ್ದವು. ನೋಡುತ್ತ ನೋಡುತ್ತ ಹೊಳೆಯಿತು. ಬಣ್ಣದ ಮಣ್ಣನ್ನು ನಾವು ಶುದ್ಧ ಮಾಡುವುದೇ ನೀರಿನಲ್ಲಿ. ಕಸ ತೇಲುತ್ತದೆ, ಮಣ್ಣು ತಳದಲ್ಲಿ ಕೂರುತ್ತದೆ. ಕೊಬ್ಬೂ ತೇಲಲೇಬೇಕಲ್ಲ!

ದೊನ್ ಬಾಲ್ಬಿನೊ ಅವರ ಬಾಗಿಲು ತಟ್ಟಿದೆ. ಆರು ತಿಂಗಳ ಮೇಲೆ ಮೊದಲ ಮಾತು. ನಿನ್ನ ಕಾಗದದಲ್ಲಿ ಅಮ್ಮನ ಭಾಗವನ್ನು ಓದಿ ಹೇಳಿದೆ. ಅವರು ಪೆನ್ನು ಇಟ್ಟಿದ್ದ ಆ ಡಬ್ಬಿಯನ್ನು ಕೈಗೆತ್ತಿಕೊಂಡರು.

"ಎಂಬತ್ತರ ಮುದುಕಿ ಅಗೆದದ್ದನ್ನ ನಾನು ತಿಂದ್ನಾ?"

"ನಾನೂ ತಿಂದೆ."

"ನಾನು ಹೆಚ್ಚು ತಿಂದೆ," ಅಂದರು. ಎದ್ದು ಬಂದು ಸ್ಟೂಲು ಹತ್ತಿ ಏಳನ್ನೂ ತಾವೇ ಇಳಿಸಿದರು.

ಬಿಸಿನೀರಿನಲ್ಲಿ ನೆನೆಸಿದೆವು, ಕುದಿಸಿದೆವು, ಬಟ್ಟೆಯಲ್ಲಿ ಸೋಸಿದೆವು. ನೀರು ಬದಲಿಸಿ, ತೇಲಿದ ಕೊಬ್ಬು ತೆಗೆದು, ಮತ್ತೆ ಸೋಸಿದೆವು. ದೊನ್ಯಾ ಚೋಲೆ ಮೂಗು ಮುಚ್ಚಿಕೊಂಡು, "ಈ ಸ್ಪೇನಿನೋರಿಗೆ ತಿನ್ನೋಕೂ ಬರಲ್ಲ, ಬಿಸಾಡೋಕೂ ಬರಲ್ಲ" ಎಂದು ಗೊಣಗುತ್ತ ತನ್ನ ದೊಡ್ಡ ಪಾತ್ರೆಯನ್ನೇ ಕೊಟ್ಟಳು. ನಾಲ್ಕು ದಿನವಾದ ಮೇಲೆ ತಟ್ಟೆಯಲ್ಲಿ ಒಣಗಿ ಉಳಿದದ್ದು ಒಂದೂವರೆ ಚಮಚ. ಎಣ್ಣೆಯಲ್ಲಿ ಕಲಸಿ ಹಲಗೆಯ ಮೇಲೆ ಒಂದು ಗೆರೆ ಎಳೆದೆ. ಅದೇ ಕೆಂಪು, ಕಸಿಲ್ದಾ. ಮಳೆ ನಿಂತ ಮೇಲಿನದು. ನಾನು ಕೂತು ಅತ್ತೆ.

ಆಳೆತ್ತರದ ಕ್ಯಾನ್ವಾಸಿಗೆ ಅದು ಒಂದು ಮೂಲೆಗೂ ಆಗುತ್ತಿರಲಿಲ್ಲ. ಅಂಗಡಿಯ ಕೆಂಪಿಗೆ ಇದನ್ನು ಬೆರೆಸಿ ನಡುಗೋಡೆ ತುಂಬಿಸಬಹುದಿತ್ತು. ಪ್ರದರ್ಶನಕ್ಕೆ ಎಂಟು ದಿನವಿತ್ತು. ಒಂದು ದಿನ ಪೂರ್ತಿ ಅದೇ ಯೋಚನೆ ಮಾಡಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಸಿಗಾರ್ ಪೆಟ್ಟಿಗೆಯ ಮುಚ್ಚಳ ಕಿತ್ತು ಅದರ ಮೇಲೆ ಬರೆದೆ. ಅಂಗೈ ಅಗಲ. ಅಷ್ಟಕ್ಕೇ ಸರಿಹೋಯಿತು. ಅಮ್ಮನಿಗೆ ಕಳಿಸುತ್ತಿದ್ದೇನೆ. ಪೂರ್ತಿ ಒಣಗಿಲ್ಲ, ಏನೂ ತಾಗದಂತೆ ಚಾಕೊಲೇಟ್ ಡಬ್ಬಿಯಲ್ಲಿ ಕೂರಿಸಿದ್ದೇನೆ. ಬೆಳ್ಳುಳ್ಳಿ ವಾಸನೆ ಏನು ಮಾಡಿದರೂ ಹೋಗಲಿಲ್ಲ.

ನಡುಗೋಡೆಗೆ ದೊನ್ಯಾ ಎಲ್ವಿರಾ ಅಗ್ನಿಪರ್ವತ ಹಾಕಿದಳು. ನಾನು ಬರೆದದ್ದೇ. ನೀನು ಒಂದನ್ನು ಮುಚ್ಚಿಟ್ಟೆ, ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಹದಿನಾಲ್ಕು ವರ್ಷದಿಂದ ನನ್ನ ಹೊಟ್ಟೆ ತುಂಬಿಸುತ್ತಿರುವುದು ಆ ಹಿಮದ ಬೆಟ್ಟವೇ. ನಿನ್ನ ಡಬ್ಬಿ ಬಂದಾಗ ನಾನು ಇರಲಿಲ್ಲವಲ್ಲ, ಆಗಲೂ ಅದರ ಬುಡದಲ್ಲೇ ಕೂತು ಬರೆಯುತ್ತಿದ್ದೆ. ಪ್ರದರ್ಶನದಲ್ಲಿ ಎಲ್ಲರೂ ಹೊಗಳಿದರು. ಒಬ್ಬರ ಮುಖವನ್ನೂ ನನಗೆ ನೋಡಲಾಗಲಿಲ್ಲ.

ನೀನು ಪೈನ್ ನೆಟ್ಟೆ, ನಾನು ಅಗ್ನಿಪರ್ವತ ಬರೆದೆ. ಇಬ್ಬರಿಗೂ ರೊಟ್ಟಿ ಬೇಕಿತ್ತು.

ತೆಲ್ಮೊ


ವಾಲ್ದೆಮೋರ
20 ಡಿಸೆಂಬರ್ 1953

ಅಣ್ಣಾ,

ಚಾಕೊಲೇಟ್ ಡಬ್ಬಿ ನಿನ್ನೆ ಬಂತು. ಅಂಚೆಯವನು ತೆರೆದು ನೋಡಿ, ಚಾಕೊಲೇಟ್ ಇಲ್ಲವೆಂದು ಬೇಜಾರು ಮಾಡಿಕೊಂಡು ಕೊಟ್ಟ.

ಅಮ್ಮ ಕೈಗೆ ತೆಗೆದುಕೊಂಡವಳು ನೋಡುವ ಮೊದಲು ಮೂಸಿದಳು. "ಇದೇನೇ, ಹಂದಿ ಕಡಿದ ದಿನದ ವಾಸನೆ?" ಅಂದಳು. ನಾನು ಎಲ್ಲವನ್ನೂ ಹೇಳಬೇಕಾಯಿತು, ಗಟ್ಟಿಯಾಗಿ, ಎರಡೆರಡು ಸಲ. ಸಿಟ್ಟು ನೆತ್ತಿಗೇರಿತು ಅವಳಿಗೆ. "ಮೂರು ದಿನ ಅಗೆದಿದ್ದು ಯಾರೋ ಮೇಷ್ಟ್ರ ಹೊಟ್ಟೆಗಾ? ಅವನಿಗೆ ನಾಲಿಗೆ ಇದೆಯೋ ಇಲ್ವೋ?" ಎಂದು ಸಂಜೆಯವರೆಗೆ ಬೈದಳು. ಆಮೇಲೆ ಚಿತ್ರ ನೋಡಿ, "ಇಷ್ಟೇನಾ?" ಅಂದಳು.

"ಅಷ್ಟಕ್ಕೇ ಮಣ್ಣು ಸಾಕಾಯ್ತಂತಮ್ಮ."

ಇವತ್ತು ಬೆಳಿಗ್ಗೆ ಎದ್ದವಳು ಅದನ್ನು ಕಿಟಕಿಯ ಗಾಜಿಗೆ ಒರಗಿಸಿ ಇಡಿಸಿದಳು. ಕುರ್ಚಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿದಳು.

"ಕುರ್ಚಿ ಹಿಂದಕ್ಕೆ ಎಳೀರಿ."

ಉರ್ಬಾನೊ ಎಳೆದ.

"ಇನ್ನೂ. ಹಾಂ, ಇನ್ನೊಂಚೂರು. ಅಯ್ಯೋ ಜಾಸ್ತಿ ಆಯ್ತು, ಮುಂದಕ್ಕೆ ತಳ್ಳಿ. ಈ ಕಡೆ. ಸಾಕು! ಯಾರೂ ಮುಟ್ಬೇಡಿ."

ಕುರ್ಚಿಯ ನಾಲ್ಕೂ ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿದಳು. ನೆಲ ಒರೆಸುವಾಗ ಅಳಿಸಿದರೆ ಕೈ ಮುರಿಯುತ್ತೇನೆ ಎಂದಿದ್ದಾಳೆ. ಊಟಕ್ಕೂ ಏಳಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡೇ ಸೂಪು ಕುಡಿದಳು. ನಿನಗೆ ಹುಚ್ಚು ಎಲ್ಲಿಂದ ಬಂತೆಂದು ಉರ್ಬಾನೊಗೆ ಈಗ ಗೊತ್ತಾಯಿತಂತೆ.

ಮಧ್ಯಾಹ್ನ ಅವಳನ್ನು ಮಲಗಿಸಿ ಬಂದು ನಾನು ಆ ಕುರ್ಚಿಯಲ್ಲಿ ಕೂತೆ. ಅವಳ ಹಾಗೇ ಎಡಗಣ್ಣು ಮುಚ್ಚಿದೆ. ನಿನ್ನ ಅಂಗೈ ಅಗಲದ ಹಲಗೆ ಗುಡ್ಡದ ಮೇಲೆ ಸರಿಯಾಗಿ ಕೂತಿತು, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ನಾನು ನೆಟ್ಟ ಒಂದು ಮರವೂ ಕಾಣಲಿಲ್ಲ ಅಣ್ಣಾ. ಎಷ್ಟು ಹೊತ್ತು ಕೂತಿದ್ದೆನೋ, ಒಲೆಯ ಮೇಲಿನ ಬೇಳೆ ಸೀದ ವಾಸನೆ ಬಂದ ಮೇಲೆಯೇ ಎದ್ದದ್ದು.

ನಿನ್ನ ತಂಗಿ,
ಕಸಿಲ್ದಾ